ಒಂಬತ್ತು ಜನ, ಎರಡು ಕಟ್ಟು ಇಸ್ಪೀಟು: ಯಾವ ಆಟ ಆಡೋದು?

ಮೂಲೆಮನೆ
ಯುಗಾದಿಗೆ ಮನೇಲಿ ಒಂಬತ್ತು ಜನ ಸೇರ್ತೀವಿ. 74ರ ಅಜ್ಜಿ, ಆರು ವರ್ಷದ ಹುಡುಗಿ, ಹತ್ತರ ಹುಡುಗ, ಫೋನಿಂದ ತಲೆ ಎತ್ತದ ಹದಿನಾರರ ಒಬ್ಬ, ಉಳಿದ ಐವರು ದೊಡ್ಡವರು. ಇರೋದು ಎರಡು ಕಟ್ಟು ಇಸ್ಪೀಟು. ಎಲ್ಲರೂ ಕೂತು ಆಡೋ ಆಟ ಹೇಳಿ. ದುಡ್ಡು ಇಡೋದಿಲ್ಲ. ಒಬ್ಬರು ಔಟಾಗಿ ಅರ್ಧ ಗಂಟೆ ಗೋಡೆ ನೋಡ್ತಾ ಕೂರೋ ಆಟ ಬೇಡ. ಚಿಕ್ಕವಳಿಗೆ 10ರವರೆಗೆ ಅಂಕಿ ಗೊತ್ತು, ರಾಜ ರಾಣಿ ಗುಲಾಮ ಚಿತ್ರ ನೋಡಿ ಹೇಳ್ತಾಳೆ. ಹೆಸರು ಮಾತ್ರ ಹೇಳಿ ಓಡಬೇಡಿ, ಹೇಗೆ ಹಂಚೋದು, ಎಲ್ಲಿ ಜಗಳ ಆಗತ್ತೆ ಅದೂ ಹೇಳಿ.

ಹದಿಮೂರೆಲೆ
ರಮ್ಮಿ. ಇನ್ನೇನು ಕೇಳೋದಿದೆ?

ಕಳಾವರ್ ಗುಲಾಮ
ಒಂಬತ್ತು ಜನಕ್ಕೆ ರಮ್ಮಿನಾ? ತಲಾ 13 ಅಂದ್ರೆ 117 ಎಲೆ. ಎರಡು ಕಟ್ಟಿನಲ್ಲಿರೋದೇ 104, ಜೋಕರ್ ಸೇರಿಸಿದ್ರೂ 108. ಮೂರು ಕಟ್ಟು ಬೇಕು. ಅದೂ ಅಲ್ಲದೆ ಒಂದು ಎಲೆ ಎತ್ತಿ ಒಂದು ಬಿಟ್ಟ ಮೇಲೆ ಇನ್ನೂ ಎಂಟು ಜನ ಯೋಚನೆ ಮಾಡಿ ಮುಗಿಸೋವರೆಗೆ ಕಾಯಬೇಕು. ಆರು ವರ್ಷದವಳು ಅಷ್ಟರಲ್ಲಿ ಎದ್ದು ಹೋಗಿರ್ತಾಳೆ. ಎರಡು ಕಟ್ಟಿಗೆ ಆರು ಜನ ಮೇಲ್ಮಿತಿ, ನಾಲ್ಕೈದು ಜನ ಇದ್ರೆ ಚೆಂದ.

ಆಟೀನ್‌ರಾಣಿ
ಕತ್ತೆ ಆಟ ಆಡಿ. ಒಂಬತ್ತು ಜನಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಜನ ಎಷ್ಟೋ ಅಷ್ಟು ಬಗೆಯ ಎಲೆ ತಗೊಳ್ಳಿ, ಪ್ರತಿ ಬಗೆಯಲ್ಲೂ ನಾಲ್ಕು. ಒಂಬತ್ತು ಜನ ಅಂದ್ರೆ ಎಕ್ಕದಿಂದ 9ರವರೆಗೆ, ಒಟ್ಟು 36 ಎಲೆ, ತಲಾ ನಾಲ್ಕು. ರಾಜ ರಾಣಿ ಗುಲಾಮ 10 ಎಲ್ಲ ಪಕ್ಕಕ್ಕಿಡಿ. ಒಬ್ಬರು "ಒಂದು, ಎರಡು, ಮೂರು" ಅಂತಾರೆ, ಮೂರು ಅಂದ ಕೂಡಲೇ ಎಲ್ಲರೂ ಬೇಡದ ಒಂದು ಎಲೆ ಕವುಚಿ ಪಕ್ಕದವರ ಮುಂದೆ ತಳ್ಳೋದು. ಯಾರ ಕೈಯಲ್ಲಿ ನಾಲ್ಕೂ ಒಂದೇ ಆಯ್ತೋ ಅವರು ಸದ್ದಿಲ್ಲದೆ ನಡುವೆ ಕೈ ಇಡ್ತಾರೆ. ಅದು ಕಂಡವರೆಲ್ಲ ಮೇಲೆ ಕೈ ಇಡಬೇಕು, ಎಲ್ಲರ ಮೇಲೆ ಕೊನೆಗೆ ಯಾರ ಕೈ ಬಿತ್ತೋ ಅವರಿಗೆ ಒಂದು ಅಕ್ಷರ, ಪದ ಪೂರ್ತಿ ಆದವರು ಕತ್ತೆ. ಒಂದು ಸುತ್ತು ಎರಡು ಮೂರು ನಿಮಿಷ. ಯಾರೂ ಔಟಾಗಲ್ಲ. ಅಜ್ಜಿಯೂ ಆಡಬಹುದು, ಮಗೂನೂ ಆಡಬಹುದು.

ಕೆಡೋದು ಎಲ್ಲಿ ಅಂದ್ರೆ ಎಲೆ ದಾಟಿಸೋವಾಗ. ಒಬ್ಬರು ಬಂದ ಎಲೆ ನೋಡಿ ಆಮೇಲೆ ತಮ್ಮದು ತಳ್ತಾರೆ, ಅಲ್ಲಿಗೆ ಒಬ್ಬರ ಹತ್ರ ಐದು, ಇನ್ನೊಬ್ಬರ ಹತ್ರ ಮೂರು. ಮೊದಲು ತಳ್ಳು, ಆಮೇಲೆ ಎತ್ತು. ಇದನ್ನ ಎರಡು ಸುತ್ತು ಸುಮ್ಮನೆ ಅಭ್ಯಾಸ ಮಾಡಿಸಿ, ನಂತರ ಲೆಕ್ಕ ಶುರು ಮಾಡಿ.

ತುರುಫು
ಉಂಗುರ, ಬಳೆ ತೆಗೆದಿಟ್ಟು ಆಡಿ ಅಂತ ಸೇರಿಸಿ. ಒಂಬತ್ತು ಕೈ ಒಂದರ ಮೇಲೊಂದು ಬಿದ್ದಾಗ ಅಡಿಯಲ್ಲಿರೋ ಅಜ್ಜಿಯ ಬೆರಳಿನ ಗತಿ ನೆನೆಸಿಕೊಳ್ಳಿ. ಅದರ ಬದಲು ನಡುವೆ ಎಂಟು ಚಮಚ ಇಡೋದು ಉತ್ತಮ. ಜನಕ್ಕಿಂತ ಒಂದು ಕಮ್ಮಿ. ಚಮಚ ಸಿಗದವನು ಕತ್ತೆ. ಮರದ್ದೋ ಪ್ಲಾಸ್ಟಿಕ್ಕಿನದ್ದೋ ಇರಲಿ. ಸ್ಟೀಲಿಂದು ಜಾರಿ ಹಾರತ್ತೆ.

ಹುಬ್ಬಳ್ಳಿಯಾಂವ
ಅಕ್ಷರದ ಲೆಕ್ಕ ಹೆಂಗ ಮಾಡ್ತೀರಿ? ಇಂಗ್ಲಿಷಿನ್ಯಾಗ ಡಾಂಕಿ ಅಂದ್ರ ಆರು ಅಕ್ಷರ. ನಮ್ಮ ಕತ್ತಿಗೆ ಎರಡ ಅಕ್ಷರ. ಎರಡು ಸಲ ಸೋತ್ರ ಮುಗೀತು, ಆಟ ಹತ್ತು ನಿಮಿಷಕ್ಕ ಖಲಾಸ್.

ಆಟೀನ್‌ರಾಣಿ
ಹಾಗಾದ್ರೆ ಕುಂಬಳಕಾಯಿ ಅಂತ ಇಟ್ಕೊಳ್ಳಿ. ಐದು ಅಕ್ಷರ.

ಹುಬ್ಬಳ್ಳಿಯಾಂವ
ಐದು ಹೆಂಗ್ರೀ, ಸೊನ್ನೀದು ಬ್ಯಾರೆ ಅಕ್ಷರ ಅಲ್ಲೇನು?

ಕರಾವಳಿ 28
ಕತ್ತೆ ಅಂದ್ರೆ ಅದಲ್ಲ ಮಾರಾಯ್ರೆ. ನಿಜವಾದ ಕತ್ತೆ ಆಟ ಬೇರೆ ಉಂಟು. ಇಡೀ 52 ಎಲೆ ಹಂಚುವುದು. ಇಸ್ಪೀಟು ಎಕ್ಕ ಇದ್ದವ ಅದನ್ನು ಹಾಕಿ ಶುರು ಮಾಡ್ತಾನೆ. ಎಲ್ಲರೂ ಅದೇ ಜಾತಿ (ಇಸ್ಪೀಟು, ಆಟೀನ್, ಕಳಾವರ್, ಡೈಮನ್ ಇವೇ ನಾಲ್ಕು ಜಾತಿ) ಹಾಕಬೇಕು. ಎಲ್ಲರಲ್ಲಿಯೂ ಆ ಜಾತಿ ಇದ್ರೆ ಆ ಸುತ್ತಿನ ಎಲೆಗಳು ಆಟದಿಂದ ಹೊರಗೆ, ದೊಡ್ಡ ಎಲೆ ಹಾಕಿದವ ಮುಂದಿನ ಸುತ್ತು ಶುರು ಮಾಡುವುದು. ಯಾರಿಗಾದ್ರೂ ಆ ಜಾತಿ ಇಲ್ಲದಿದ್ರೆ ಬೇರೆ ಎಲೆ ಹಾಕಿ ಕಡಿಯಬಹುದು. ಕಡಿದ ಕೂಡಲೇ ಸುತ್ತು ನಿಲ್ಲಬೇಕು, ಅಲ್ಲಿಯವರೆಗೆ ಬಿದ್ದದ್ದರಲ್ಲಿ ದೊಡ್ಡ ಎಲೆ ಯಾರದ್ದೋ ಅವನೇ ಎಲ್ಲ ಬಾಚಿಕೊಳ್ಳಬೇಕು. ಕೈ ಖಾಲಿಯಾದವ ಪಾರು. ಕೊನೆಗೆ ಎಲೆ ಉಳಿಸಿಕೊಂಡವ ಕತ್ತೆ.

ಮೊದಲ ಸುತ್ತಿಗೆ ಮಾತ್ರ ವಿನಾಯಿತಿ: ಯಾರು ಕಡಿದ್ರೂ ಎಕ್ಕ ಹಾಕಿದವ ಎತ್ತಬೇಕಾಗಿಲ್ಲ, ಎಲ್ಲ ಹೊರಗೆ. ಇದನ್ನು ಮೊದಲೇ ಹೇಳದೆ ಇದ್ರೆ ಮೊದಲ ಎಲೆಗೇ ಜಗಳ.

ತುರುಫು
ಚೆನ್ನಾಗಿದೆ, ಆದ್ರೆ ಅವರ ಷರತ್ತು ಓದಿದ್ರಾ? ಪಾರಾದವರು ಸುಮ್ಮನೆ ಕೂರೋ ಆಟ ಅದು. ಕೊನೆಯ ಇಬ್ಬರು ಕಾಲು ಗಂಟೆ ಎಳೆದಾಡ್ತಾರೆ. ಅದೂ ಅಲ್ಲದೆ ಆರು ವರ್ಷದ ಮಗುವಿನ ಕೈಗೆ 18 ಎಲೆ ಒಟ್ಟಿಗೆ ಬಂದ್ರೆ ಹಿಡಿಯೋಕೂ ಆಗಲ್ಲ, ಅಳು ಗ್ಯಾರಂಟಿ.

ಕರಾವಳಿ 28
ಅದು ಸರಿ. ಒಪ್ಪಿದೆ. ಹಾಗಾದ್ರೆ ದೊಡ್ಡವರು ನಾಲ್ವರು ಒಂದು ಕಡೆ ಇಪ್ಪತ್ತೆಂಟು ಆಡಲಿ, ಉಳಿದ ಐವರು ಇನ್ನೊಂದು ಕಡೆ. ಒಂಬತ್ತು ಜನ ಒಂದೇ ಆಟಕ್ಕೆ ಅಂತ ಯಾಕೆ ಹಠ?

ಮೂಲೆಮನೆ
ಎಲ್ಲ ಒಟ್ಟಿಗೆ ಆಡ್ಬೇಕು ಅನ್ನೋದೇ ಉದ್ದೇಶ ಸರ್. ಆದ್ರೂ ಊಟ ಆದ್ಮೇಲೆ ಮಕ್ಕಳು ಮಲಗಿದಾಗ ಬೇಕಾಗಬಹುದು. ಅಜ್ಜಿಗೆ ಇಪ್ಪತ್ತೆಂಟು ಬರತ್ತೆ, ಉಳಿದವರಿಗೆ ಅರ್ಧಂಬರ್ಧ. ಬರೀರಿ.

ಕರಾವಳಿ 28
ಬರೀತೇನೆ. ಒಂದು ಕಟ್ಟಿನಿಂದ 7 ಮತ್ತು ಅದರ ಮೇಲಿನದ್ದು ಮಾತ್ರ, 32 ಎಲೆ. ನಾಲ್ವರು, ಎದುರು ಕೂತವರು ಜೊತೆ. ಎಲೆಯ ಬಲ ಹೀಗೆ: ಗುಲಾಮ, 9, ಎಕ್ಕ, 10, ರಾಜ, ರಾಣಿ, 8, 7. ಗುಲಾಮನಿಗೆ 3 ಅಂಕ, 9ಕ್ಕೆ 2, ಎಕ್ಕಕ್ಕೆ 1, 10ಕ್ಕೆ 1. ಒಂದು ಜಾತಿಗೆ 7, ನಾಲ್ಕು ಜಾತಿಗೆ 28. ಹೊಸಬರು ತಪ್ಪುವುದು ಇಲ್ಲೇ. ರಾಜ ರಾಣಿಗೆ ಬೆಲೆ ಇಲ್ಲ ಅನ್ನುವುದು ಕೈಗೆ ಹತ್ತುವುದಿಲ್ಲ. ರಾಜ ಹಾಕಿ ಗೆದ್ದೆ ಅಂತ ಕೂರ್ತಾರೆ, ಎದುರಾಳಿ 10 ಹಾಕಿ ಹೊಡೀತಾನೆ.

ಮೊದಲು ತಲಾ ನಾಲ್ಕು ಎಲೆ ಹಂಚಿ ನಿಲ್ಲಿಸುವುದು. ಆ ನಾಲ್ಕನ್ನೇ ನೋಡಿ ಕರೆಯಬೇಕು, 14ರಿಂದ ಮೇಲೆ. ಹೆಚ್ಚು ಕರೆದವ ತನ್ನ ಒಂದು ಎಲೆಯನ್ನು ಕವುಚಿ ಇಡ್ತಾನೆ, ಅದರ ಜಾತಿಯೇ ತುರುಫು, ಅಂದ್ರೆ ಬೇರೆ ಜಾತಿಗಳನ್ನೆಲ್ಲ ಹೊಡೆಯುವ ಜಾತಿ. ಏನು ಅಂತ ಅವನಿಗೆ ಮಾತ್ರ ಗೊತ್ತು, ಜೊತೆಯವನಿಗೂ ಗೊತ್ತಿಲ್ಲ. ಆಮೇಲೆ ಉಳಿದ ನಾಲ್ಕು ಹಂಚುವುದು. ಬಿದ್ದ ಜಾತಿ ತನ್ನಲ್ಲಿ ಇಲ್ಲದವ ತನ್ನ ಸರದಿಯಲ್ಲಿ "ತುರುಫು ತೋರಿಸಿ" ಅನ್ನಬಹುದು. ಕೇಳಿದ ಮೇಲೆ ಕೈಯಲ್ಲಿ ತುರುಫು ಇದ್ರೆ ಅದನ್ನೇ ಹಾಕಬೇಕು. ಸುಮ್ಮನೆ ಇಣುಕಿ ನೋಡಲಿಕ್ಕೆ ಕೇಳುವ ಹಾಗಿಲ್ಲ. ಕರೆದಷ್ಟು ಅಂಕ ಅವನ ಪಂಗಡ ಮಾಡಿದ್ರೆ ಗೆದ್ದಿತು.

ಎರಡನೇ ಎಕ್ಕ
ಒಟ್ಟು 29 ಅಲ್ವಾ? ಕೊನೆಯ ಕೈಗೆ (ಕೈ ಅಂದ್ರೆ ಎಲ್ಲರೂ ಒಂದೊಂದು ಎಲೆ ಹಾಕೋ ಒಂದು ಸುತ್ತು) ಒಂದು ಅಂಕ ಇದೆ.

ಕರಾವಳಿ 28
ಅದು ಬಂಗಾಳದ ಕಡೆಯ ಇಪ್ಪತ್ತೊಂಬತ್ತು. ಕೊನೆಯ ಕೈಗೆ ಒಂದು ಸೇರಿಸಿದ್ದಕ್ಕೇ ಆ ಹೆಸರು. ನಮ್ಮಲ್ಲಿ ಹೆಸರೇ ಇಪ್ಪತ್ತೆಂಟು ಅಲ್ವಾ? ಆರು ಜನ ಇದ್ರೆ ಐವತ್ತಾರು ಆಡಿ. ಎರಡು ಕಟ್ಟಿನಿಂದ 9 ಮತ್ತು ಮೇಲಿನದ್ದು, 48 ಎಲೆ, ತಲಾ ಎಂಟು, ಮೂವರು ಮೂವರು ಜೊತೆ.

ತಮಿಳ್ಗಡಿ
ತಮಿಳುನಾಡು, ಶ್ರೀಲಂಕಾದಲ್ಲಿ ಇದೇ ಕುಟುಂಬದ 304 ಇದೆ. ಗುಲಾಮ 30, 9ಕ್ಕೆ 20, ಎಕ್ಕ 11, 10ಕ್ಕೆ 10, ರಾಜ 3, ರಾಣಿ 2. ಜಾತಿಗೆ 76, ನಾಲ್ಕಕ್ಕೆ 304. ಕೂಡೋ ಲೆಕ್ಕ ಚುರುಕಾಗಬೇಕು ಅಂದ್ರೆ ಹತ್ತರ ಹುಡುಗನಿಗೆ ಇದನ್ನ ಕಲಿಸಿ.

ಕಳಾವರ್ ಗುಲಾಮ
ಮತ್ತೆ ಮೂಲ ಪ್ರಶ್ನೆಗೆ ಬನ್ನಿ. ಒಂಬತ್ತು ಜನ, ಎರಡು ಕಟ್ಟು, ಚಿಕ್ಕ ಮಗು. ನನ್ನ ಮತ "ಎಂಟರ ಆಟ"ಕ್ಕೆ. ಉನೊ ಬರೋಕ್ಕಿಂತ ಮುಂಚಿಂದಲೂ ಇದ್ದದ್ದು. ಉನೊ ಬಂದದ್ದು 1971ರಲ್ಲಿ, ಅಮೆರಿಕದ ಒಹಾಯೊದಲ್ಲಿ, ಇದೇ ಆಟವನ್ನ ಬಣ್ಣದ ಎಲೆಗೆ ಇಳಿಸಿ.

ಎರಡು ಕಟ್ಟು ಬೆರೆಸಿ ತಲಾ ಐದು. 45 ಹೋಯ್ತು, 59 ನಡುವೆ. ಮೇಲಿನ ಒಂದು ಎಲೆ ತಿರುವಿ ಇಡಿ. ಅದೇ ಜಾತಿ ಅಥವಾ ಅದೇ ಅಂಕಿ ಹಾಕ್ತಾ ಹೋಗೋದು. ಇಲ್ಲದವರು ಒಂದು ಎತ್ತೋದು. 8 ಯಾವಾಗ ಬೇಕಾದ್ರೂ ಹಾಕಬಹುದು, ಹಾಕಿದವರು ಮುಂದಿನ ಜಾತಿ ಹೇಳ್ತಾರೆ. ಇದಿಷ್ಟೇ ಮೂಲ ನಿಯಮ. ಮೇಲಿನ ಮಸಾಲೆ ಮನೆಯವರೇ ಹಾಕ್ಕೊಳ್ಳೋದು: 2 ಬಿದ್ರೆ ಮುಂದಿನವರು ಎರಡು ಎತ್ತು, ಗುಲಾಮ ಬಿದ್ರೆ ಮುಂದಿನವರ ಸರದಿ ಹಾರಿಸು, ರಾಣಿ ಬಿದ್ರೆ ಸುತ್ತು ಹಿಂದಕ್ಕೆ.

ಎರಡು ಎಚ್ಚರಿಕೆ. ಮೊದಲನೆಯದು, ಜೋಕರ್ ಹೊರಗಿಡಿ, ಆರರ ಮಗುವಿಗೆ ಹೊಸ ನಿಯಮ ಇನ್ನೊಂದು ಬೇಡ. ಎರಡನೆಯದು, ಎರಡು ಕಟ್ಟಿನ ಅಗಲ ಒಂದೇ ಇದೆಯಾ ನೋಡಿ. ಕೆಲವು ಕಟ್ಟು ಅಗಲ, ಕೆಲವು ಸಣಕಲು. ಬೆರೆಸಿದ್ರೆ ಕಲೆಸೋವಾಗ ಸಿಕ್ಕಿಹಾಕಿಕೊಳ್ಳತ್ತೆ. ಮುಂದಿನ ಎಲೆ ಯಾವ ಕಟ್ಟಿನದು ಅಂತ ಬೆನ್ನು ನೋಡಿಯೇ ಗೊತ್ತಾಗತ್ತೆ, ಆದ್ರೆ ಈ ಆಟಕ್ಕೆ ಅದು ಅಷ್ಟು ತೊಂದರೆಯಲ್ಲ.

ಡಲ್ಲಾಸ್ ಕನ್ನಡಿಗ
2ರ ಮೇಲೆ 2 ಹಾಕಿ ನಾಲ್ಕು ಎತ್ತಿಸಬಹುದಾ?

ಕಳಾವರ್ ಗುಲಾಮ
ಉನೊದಲ್ಲಿ ಅಧಿಕೃತವಾಗಿ ಇಲ್ಲ. +2 ಮೇಲೆ +2, +4 ಮೇಲೆ +4 ಪೇರಿಸೋ ಹಾಗಿಲ್ಲ ಅಂತ ಉನೊ ಕಂಪನಿಯವರೇ 2019ರಲ್ಲಿ ಹೇಳಿದ್ರು. ಅರ್ಧ ಜಗತ್ತು ಮುನಿಸಿಕೊಳ್ತು. ಇಸ್ಪೀಟಿನಲ್ಲಿ ನಿಮ್ಮಿಷ್ಟ. ಎರಡು ಕಟ್ಟಿನಲ್ಲಿ 2 ಎಂಟು ಇವೆ. ಪೇರಿಸಿದ್ರೆ ಒಬ್ಬರಿಗೆ ಎಂಟೋ ಹತ್ತೋ ಎಲೆ ಒಟ್ಟಿಗೆ ಬೀಳಬಹುದು, ಅದು ಆರು ವರ್ಷದವಳೇ ಆಗಿದ್ರೆ?

ಆಟೀನ್‌ರಾಣಿ
ಆಗ ಅಜ್ಜಿ ಆಟವನ್ನೇ ರದ್ದು ಮಾಡ್ತಾರೆ 😄

ಪಗಡೆಪ್ರಿಯ
ಏಳರ ಆಟ ಯಾರೂ ಹೇಳಲಿಲ್ಲ? ಆಟೀನ್ 7 ಇದ್ದವರು ಶುರು, ಆಮೇಲೆ ಆ ಜಾತಿಯ 6 ಅಥವಾ 8, ಇಲ್ಲಾ ಬೇರೆ 7. ಹೀಗೆ ನಾಲ್ಕು ಸಾಲು ಎಕ್ಕದಿಂದ ರಾಜನವರೆಗೆ ಬೆಳೆಯೋದು. ಅಂಕಿ ಕಲಿಯೋ ಮಗುವಿಗೆ ಇದಕ್ಕಿಂತ ಒಳ್ಳೇದು ಇಲ್ಲ, ಆರು ಎಲ್ಲಿ ಎಂಟು ಎಲ್ಲಿ ಅಂತ ಕಣ್ಣೆದುರೇ ಕಾಣತ್ತೆ.

ಒಂದೇ ಕಟ್ಟು ಸಾಕು. ಒಂಬತ್ತು ಜನಕ್ಕೆ ತಲಾ ಐದು, ಏಳು ಉಳಿಯತ್ತೆ. ಆ ಏಳನ್ನ ದೊಡ್ಡವರಿಗೆ ಒಂದೊಂದು ಕೊಡಿ, ಮಕ್ಕಳಿಬ್ಬರಿಗೆ ಐದೇ ಇರಲಿ. ಕಮ್ಮಿ ಎಲೆ ಅಂದ್ರೆ ಬೇಗ ಮುಗೀತದೆ, ಅದೇ ಅವರಿಗೆ ರಿಯಾಯಿತಿ. ಕೇಳಿದ್ರೆ "ಹಂಚೋವಾಗ ಹಾಗೇ ಬಂತು" ಅನ್ನಿ.

ಒಳಗುಟ್ಟು ಇರೋದು 6 ಮತ್ತು 8ರಲ್ಲಿ. ನಿಮ್ಮ ಹತ್ರ ಕಳಾವರ್ 8 ಇದೆ, ಅದರ ಮೇಲಿಂದು ಒಂದೂ ಇಲ್ಲ ಅಂದ್ರೆ ಬೇರೆ ಎಲೆ ಹಾಕ್ತಾ ಅದನ್ನ ಕಟ್ಟಿಹಾಕಿ ಇಟ್ಕೊಳ್ಳಿ. ಕಳಾವರ್ 9ರಿಂದ ರಾಜನವರೆಗೆ ಇರೋರೆಲ್ಲ ಪರದಾಡ್ತಾರೆ. ಆದ್ರೆ ಹಾಕೋಕೆ ಬೇರೇನೂ ಇಲ್ಲದಾಗ ಹಾಕಲೇಬೇಕು. ಇದ್ದೂ ಪಾಸ್ ಅನ್ನೋ ಹಾಗಿಲ್ಲ.

ಎರಡನೇ ಎಕ್ಕ
ಇದ್ದೂ ಪಾಸ್ ಅಂದ್ರೆ ಹಿಡಿಯೋದು ಹೇಗೆ?

ಪಗಡೆಪ್ರಿಯ
ಆಟ ಮುಗಿದ ಮೇಲೆ ಗೊತ್ತಾಗೇ ಆಗತ್ತೆ, ಆ ಎಲೆ ಅವರ ಕೈಯಿಂದಲೇ ಬೀಳಬೇಕಲ್ಲ. ದಂಡ ಮೊದಲೇ ಗೊತ್ತು ಮಾಡಿ, ಮುಂದಿನ ಆಟದಲ್ಲಿ ಮೂರು ಎಲೆ ಜಾಸ್ತಿ ಅಂತ. ಅಂಕ ಬರೀಬೇಕಿದ್ರೆ ಮೊದಲಿಗ ಮುಗಿಸಿದಾಗ ಉಳಿದವರ ಕೈಯಲ್ಲಿರೋ ಎಲೆ ಕೂಡಿ: ಎಕ್ಕ 1, ಗುಲಾಮ 11, ರಾಣಿ 12, ರಾಜ 13. ಐದು ಆಟದಲ್ಲಿ ಕಮ್ಮಿ ಯಾರದೋ ಅವರು ಗೆದ್ದರು. ಮೊದಲಿಗ ಮುಗಿಸಿದ ಕೂಡಲೇ ನಿಲ್ಲಿಸೋದ್ರಿಂದ ಗೋಡೆ ನೋಡೋ ಪ್ರಶ್ನೆಯೂ ಇಲ್ಲ.

ಜಾಗ ಬೇಕು ಅನ್ನೋದು ಮರೀಬೇಡಿ. ಫ್ಯಾನ್ ಕೆಳಗೆ ಬೇಡ. ನಲವತ್ತು ಎಲೆ ಬಿದ್ದ ಮೇಲೆ ಯಾರೋ ಸ್ವಿಚ್ ಒತ್ತಿದ್ರೆ ಅಲ್ಲಿಗೆ ಆಟ ಮುಗೀತು. ಎಲೆ ಪೂರ್ತಿ ಬಿಡಿಸಿ ಇಡದೆ ಅಂಕಿಯ ಮೂಲೆ ಮಾತ್ರ ಕಾಣೋ ಹಾಗೆ ಒಂದರ ಮೇಲೊಂದು ಜಾರಿಸಿದ್ರೆ ಒಂದು ಸಣ್ಣ ಚಾಪೆಯಲ್ಲಿ ಮುಗೀತದೆ.

ಹುಬ್ಬಳ್ಳಿಯಾಂವ
ನಮ್ಮ ಕಡೆ ಮೆಂಡಿಕೋಟ ಆಡದ ಮನಿ ಸಿಗೂದು ಕಷ್ಟ ಐತ್ರಿ. ನಾಲ್ಕ ಮಂದಿ, ತಲಾ 13. ಗುರಿ ಒಂದ: ನಾಲ್ಕು ಹತ್ತು. ಮೂರು ಹತ್ತು ಯಾರು ಹಿಡೀತಾರ ಅವರು ಗೆದ್ರು. ಎರಡೆರಡು ಆದ್ರ ಏಳು ಕೈ ಯಾರು ಮಾಡ್ಯಾರ ನೋಡೂದು. ನಾಲ್ಕೂ ಹಿಡದ್ರ ಕೋಟ. ತುರುಫು ಮೊದಲ ಹೇಳಂಗಿಲ್ಲ. ಬಿದ್ದ ಜಾತಿ ಇಲ್ಲದವಾ ಮೊದಲ ಸಲ ಯಾವ ಜಾತಿ ಎಲಿ ಒಗೀತಾನ, ಅದ ತುರುಫು. ಆರು ಮಂದಿ ಇದ್ರ ನಾಲ್ಕು ಎರಡು ತಗದು ಒಗದು 48 ಎಲಿ, ತಲಾ ಎಂಟು. ರಾಜ ರಾಣಿಗೆ ಬಲ ಐತಿ, ಇಪ್ಪತ್ತೆಂಟರಂಗ ತಲಿ ಕೆಡಸ್ಕೊಳ್ಳೂ ಹಂಗಿಲ್ಲ. ಹತ್ತು ವರ್ಷದ ಹುಡುಗ ಒಂದ ಸಂಜಿಯೊಳಗ ಕಲೀತಾನ.

ಆಟೀನ್‌ರಾಣಿ
ಅದನ್ನೂ ನಾಲ್ಕು ಅಥವಾ ಆರಕ್ಕೇ ಹೇಳ್ತಿದ್ದೀರಿ. ಅವರು ಒಂಬತ್ತು ಅಂತ ಬಡ್ಕೊಳ್ತಿದ್ದಾರೆ.

ಹುಬ್ಬಳ್ಳಿಯಾಂವ
ಒಂಬತ್ತು ಮಂದಿ ಒಂದ ಆಟ ಆಡಿದ್ರ ಅದು ಆಟ ಅಲ್ರೀ, ಸಂತಿ.

ಮೂಲೆಮನೆ
ಸಂತೆಯೇ ಬೇಕಾಗಿರೋದು 😀

ತುರುಫು
ಸಂತೆ ಬೇಕಿದ್ರೆ ಬ್ಲಫ್. ಎರಡು ಕಟ್ಟು, ತಲಾ ಹನ್ನೊಂದು, ಉಳಿದ ಐದು ನೋಡದೆ ಪಕ್ಕಕ್ಕೆ. ಮೊದಲಿಗರು "ಮೂರು ರಾಣಿ" ಅಂತ ಹೇಳಿ ಮೂರು ಎಲೆ ಕವುಚಿ ಇಡ್ತಾರೆ, ಒಳಗೆ ಏನು ಬೇಕಾದ್ರೂ ಇರಬಹುದು. ಮುಂದಿನವರು ರಾಣಿಯನ್ನೇ ಮುಂದುವರಿಸಬಹುದು, ಪಾಸ್ ಅನ್ನಬಹುದು, ಇಲ್ಲಾ "ಬ್ಲಫ್" ಅಂತ ಹೇಳಿ ಮೇಲಿನ ಎಲೆ ತಿರುವಬಹುದು. ಸುಳ್ಳಾದ್ರೆ ಹಾಕಿದವರು, ನಿಜವಾದ್ರೆ ಕೇಳಿದವರು ಇಡೀ ರಾಶಿ ಎತ್ತಬೇಕು. ಎಲ್ಲರೂ ಪಾಸ್ ಅಂದ್ರೆ ಆ ರಾಶಿ ಹೊರಗೆ, ಕೊನೆಗೆ ಹಾಕಿದವರು ಹೊಸ ಹೆಸರು ಹೇಳಿ ಶುರು.

ಎರಡು ಕಟ್ಟಿನಲ್ಲಿ ಒಂದೊಂದು ಬಗೆಯೂ ಎಂಟು ಇರೋದ್ರಿಂದ "ಐದು ರಾಣಿ" ಅಂದ್ರೂ ನಂಬಬೇಕೋ ಬೇಡವೋ ಗೊತ್ತಾಗಲ್ಲ. ಹದಿನಾರರ ಹುಡುಗ ಫೋನ್ ಬಿಡೋದು ಈ ಆಟಕ್ಕೇ. ಎದುರಿನವರ ಮುಖ ನೋಡ್ತಾ ಕೂರಬೇಕಲ್ಲ.

ತಕರಾರು ಬರೋದು ಎಣಿಕೆಯಲ್ಲಿ. ಮೂರು ಅಂತ ಹೇಳಿ ನಾಲ್ಕು ಇಡೋ ಕೈಚಳಕದವರು ಇದ್ದೇ ಇರ್ತಾರೆ. ಹಾಕಿದ ಎಲೆಗಳನ್ನ ರಾಶಿಯ ಮೇಲೆ ಅಡ್ಡಡ್ಡ ಇಡಬೇಕು, ಮುಂದಿನವರು ಆಡೋವರೆಗೆ ನೇರ ಮಾಡಬಾರದು ಅಂತ ನಿಯಮ ಮಾಡಿ. ಆಗ ಎಣಿಸಲೂಬಹುದು, ತಿರುವೋವಾಗ ಯಾವ ಮೂರು ಅನ್ನೋ ಗೊಂದಲವೂ ಇಲ್ಲ. ಇನ್ನೊಂದು: ಚಿಕ್ಕವಳು ಒಬ್ಬಳೇ ಆಡಿದ್ರೆ ಮುಖದಲ್ಲೇ ಎಲ್ಲ ಗೊತ್ತಾಗತ್ತೆ. ಅಜ್ಜಿಯ ಜೊತೆ ಒಂದೇ ಕೈಯಾಗಿ ಕೂರಿಸಿ. ಅಜ್ಜಿ ಹೇಳೋದು, ಅವಳು ಇಡೋದು. ಎಂಟು ಕೈಗೆ ತಲಾ 13, ಒಂದೂ ಉಳಿಯಲ್ಲ.

ಡಲ್ಲಾಸ್ ಕನ್ನಡಿಗ
ಮಕ್ಕಳಿಗೆ ಸುಳ್ಳು ಹೇಳೋದು ಕಲಿಸೋದಾ ಹಬ್ಬದ ದಿನ?

ತುರುಫು
ಹೊಸತೊಡಕಿನ ದಿನ ಆಡಿ ಬಿಡಿ.

ಕಳಾವರ್ ಗುಲಾಮ
ಯುಗಾದಿ ಅಂದ ಮೇಲೆ ಇಸ್ಪೀಟು ಅಂತ ಹಳೇ ಮೈಸೂರಿನ ಕಡೆ ಯಾರಿಗೂ ಹೇಳಬೇಕಾಗಿಲ್ಲ. ಆದ್ರೆ ಅಲ್ಲಿ ಅರಳೀಕಟ್ಟೆ ಮೇಲೆ ನಡೆಯೋದು ಅಂದರ್ ಬಾಹರ್. ಅದರಲ್ಲಿ ಆಟವೇ ಇಲ್ಲ. ನಡುವೆ ಒಂದು ಎಲೆ, ಒಳಗೆ ಬೀಳತ್ತೋ ಹೊರಗೆ ಬೀಳತ್ತೋ ಅಷ್ಟೇ. ದುಡ್ಡು ತೆಗೆದುಬಿಟ್ರೆ ಎರಡು ನಿಮಿಷದಲ್ಲಿ ಆಕಳಿಕೆ.

ಹದಿಮೂರೆಲೆ
ಅದಕ್ಕೇ ನಾನು ರಮ್ಮಿ ಅಂದಿದ್ದು. ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ 1967ರಲ್ಲಿ ಹೇಳಿದೆ.

ಮೇಲ್ವಿಚಾರಕ
ಕೋರ್ಟು, ದುಡ್ಡು, ಆನ್‌ಲೈನ್ ಆಪ್ ಇವೆಲ್ಲ ಬೇರೆ ಕಡೆ. ಇಲ್ಲಿ ಮನೆಯ ಚಾಪೆಯ ಮೇಲಿನ ಆಟ ಮಾತ್ರ.

ಹದಿಮೂರೆಲೆ
ಸರಿ, ಸರಿ. ರಮ್ಮಿಯೇ ಹೇಳ್ತೀನಿ, ಐದು ಜನ ದೊಡ್ಡವರಿದ್ದಾರಲ್ಲ. ಒಂದು ಶುದ್ಧ ಸೀಕ್ವೆನ್ಸ್ (ಒಂದೇ ಜಾತಿಯ ಸಾಲು ಎಲೆ) ಇರಲೇಬೇಕು, ಒಟ್ಟು ಕನಿಷ್ಠ ಎರಡು ಸೀಕ್ವೆನ್ಸ್, ಉಳಿದದ್ದು ಸೆಟ್ (ಬೇರೆ ಬೇರೆ ಜಾತಿಯ ಒಂದೇ ಅಂಕಿ) ಆದ್ರೂ ಸರಿ. ಶುದ್ಧದಲ್ಲಿ ಜೋಕರ್ ಎಲೆ ಬರೋ ಹಾಗಿಲ್ಲ. ಆಟ ಮೊದಲೇ ಬಿಟ್ರೆ ದಂಡ 20 ಅಂಕ, ನಡುವೆ ಬಿಟ್ರೆ 40, ಪೂರ್ತಿ ಸೋತ್ರೆ 80ಕ್ಕೆ ಮೇಲಿಲ್ಲ.

ಪಗಡೆಪ್ರಿಯ
ಒಂದು ತಿದ್ದುಪಡಿ. ಜೋಕರ್ ಎಲೆ ತನ್ನದೇ ಜಾಗದಲ್ಲಿ ಇದ್ರೆ ಶುದ್ಧವೇ. ಜೋಕರ್ ಆಗಿ 6 ಬಿದ್ದಿದೆ ಅಂತ ಇಟ್ಕೊಳ್ಳಿ. ಡೈಮನ್ 5, ಡೈಮನ್ 6, ಡೈಮನ್ 7 ಶುದ್ಧ ಸೀಕ್ವೆನ್ಸೇ. ಆ 6 ಇಲ್ಲಿ ಬೇರೆ ಎಲೆಯ ಬದಲಿಗೆ ಕೂತಿಲ್ಲ. ಅರ್ಧ ಮನೆಗಳಲ್ಲಿ ಜಗಳ ಇದಕ್ಕೇ. ಇನ್ನರ್ಧ ಜಗಳ ರಾಜ-ಎಕ್ಕ-2ಕ್ಕೆ. ಎಕ್ಕ-2-3 ನಡೆಯತ್ತೆ, ರಾಣಿ-ರಾಜ-ಎಕ್ಕ ನಡೆಯತ್ತೆ, ಸುತ್ತಿಬರೋದು ನಡೆಯಲ್ಲ.

ಹದಿಮೂರೆಲೆ
ಹೌದು, ಅದು ಸರಿ. ನಾನು ಅವಸರದಲ್ಲಿ ಬರೆದೆ.

ಎರಡನೇ ಎಕ್ಕ
ಐದಾರು ಜನಕ್ಕೆ ಜಡ್ಜ್‌ಮೆಂಟಿಗೆ ಸಮ ಇಲ್ಲ. ಐದು ಜನ ಅಂದ್ರೆ ಮೊದಲ ಸುತ್ತು ತಲಾ 10, ಆಮೇಲೆ 9, 8 ಹೀಗೆ ಒಂದಕ್ಕೆ ಇಳಿಯೋದು. ಪ್ರತಿ ಸುತ್ತಿಗೂ ತುರುಫು ಬದಲಾಗತ್ತೆ: ಇಸ್ಪೀಟು, ಡೈಮನ್, ಕಳಾವರ್, ಆಟೀನ್. ಎಲೆ ನೋಡಿ ಎಷ್ಟು ಕೈ ಮಾಡ್ತೀನಿ ಅಂತ ಮೊದಲೇ ಹೇಳಬೇಕು. ಹೇಳಿದಷ್ಟೇ ಮಾಡಿದ್ರೆ 10 ಕೂಡಿಸಿ ಅಂಕ (3 ಹೇಳಿ 3 ಮಾಡಿದ್ರೆ 13). ಒಂದು ಕಮ್ಮಿ ಆದ್ರೂ ಸೊನ್ನೆ, ಒಂದು ಹೆಚ್ಚಾದ್ರೂ ಸೊನ್ನೆ.

ಆಟದ ಜೀವ ಇರೋದು ಒಂದೇ ನಿಯಮದಲ್ಲಿ. ಕೊನೆಗೆ ಹೇಳೋರು, ಅಂದ್ರೆ ಹಂಚಿದವರು, ಒಟ್ಟು ಕೂಡಿದ್ರೆ ಎಲೆಯ ಸಂಖ್ಯೆಗೆ ಸಮ ಆಗೋ ಹಾಗೆ ಹೇಳಬಾರದು. ಏಳು ಎಲೆಯ ಸುತ್ತಿನಲ್ಲಿ ಉಳಿದವರದ್ದು ಕೂಡಿ 5 ಆಗಿದ್ರೆ ಹಂಚಿದವರು 2 ಅನ್ನೋ ಹಾಗಿಲ್ಲ. ಅಲ್ಲಿಗೆ ಒಬ್ಬರಾದ್ರೂ ಸೋಲಲೇಬೇಕು. ಇದನ್ನ ಬಿಟ್ಟು ಆಡಿದ್ರೆ ಎಲ್ಲರೂ ಗೆದ್ದು ಸಪ್ಪೆ.

ಹೇಳಿದ್ದು ಮರೆತು "ನಾನು ಎರಡು ಅಂದಿದ್ದೆ" "ಇಲ್ಲ ಮೂರು" ಅನ್ನೋದು ತಪ್ಪಬೇಕಿದ್ರೆ ಮೊದಲ ಎಲೆ ಬೀಳೋ ಮುಂಚೆ ಬರೆದು ಗಟ್ಟಿಯಾಗಿ ಓದಿ. ಪೆನ್ನು ಹುಡುಕೋ ಮನೆ ಆದ್ರೆ ಹುಣಿಸೆ ಬೀಜ ಸಾಕು, ಹೇಳಿದಷ್ಟು ಬೀಜ ಮುಂದೆ ಇಟ್ಕೊಳ್ಳೋದು, ಒಂದು ಕೈ ಗೆದ್ದಾಗ ಒಂದು ಬೀಜ ಗೆದ್ದ ಎಲೆಯ ಮೇಲೆ.

ಆಟೀನ್‌ರಾಣಿ
ಹುಣಿಸೆ ಬೀಜ 👌 ದುಡ್ಡಿನ ಬದಲು ಅದನ್ನೇ ಇಡಿ ಎಲ್ಲಕ್ಕೂ.

ಮೂಲೆಮನೆ
ಅಜ್ಜಿಗೆ ಕಣ್ಣು ಮಂದ. ಆಟೀನಿಗೂ ಡೈಮನ್ನಿಗೂ ಗೊಂದಲ ಮಾಡ್ಕೊಳ್ತಾರೆ. ಮಗುವಿಗೆ ಎಲೆ ಹಿಡಿಯೋಕಾಗಲ್ಲ. ಇದಕ್ಕೇನಾದ್ರೂ?

ಪಗಡೆಪ್ರಿಯ
ದೊಡ್ಡ ಅಂಕಿಯ ಕಟ್ಟು ಅಂಗಡಿಯಲ್ಲಿ ಸಿಗತ್ತೆ, ಜಂಬೊ ಇಂಡೆಕ್ಸ್ ಅಂತ ಕೇಳಿ. ಸಿಗದಿದ್ರೆ ಕೈಯಲ್ಲಿ ಜೋಡಿಸೋ ಕ್ರಮ ಬದಲಿಸಿ: ಕಪ್ಪು, ಕೆಂಪು, ಕಪ್ಪು, ಕೆಂಪು. ಇಸ್ಪೀಟು, ಆಟೀನ್, ಕಳಾವರ್, ಡೈಮನ್. ಎರಡು ಕೆಂಪು ಪಕ್ಕಪಕ್ಕ ಇರದಿದ್ರೆ ಅರ್ಧ ಗೊಂದಲ ಹೋಗತ್ತೆ. ಹಳದಿ ಬಲ್ಬಿನ ಕೆಳಗೆ ಕೂರಿಸಬೇಡಿ, ಕೆಂಪು ಮಸುಕಾಗತ್ತೆ. ಬೆಳಕು ಅವರ ಭುಜದ ಹಿಂದಿಂದ ಬರಲಿ. ಮುಂದಿಂದ ಬಂದ್ರೆ ನುಣುಪು ಎಲೆ ಹೊಳೆದು ಏನೂ ಕಾಣಲ್ಲ.

ಮಗುವಿಗೆ ಬಟ್ಟೆ ಕ್ಲಿಪ್ ಕೊಡಿ. ಐದಾರು ಎಲೆ ಬೀಸಣಿಗೆಯ ಹಾಗೆ ಬಿಡಿಸಿ ಬುಡಕ್ಕೆ ಕ್ಲಿಪ್ ಹಾಕಿದ್ರೆ ನಿಲ್ಲತ್ತೆ. ಅದಕ್ಕಿಂತ ಒಳ್ಳೇದು ತಲೆ ಬಾಚೋ ಬ್ರಷ್. ಅಂಗಾತ ಇಟ್ಟು ಹಲ್ಲುಗಳ ನಡುವೆ ಎಲೆ ಸಿಕ್ಕಿಸೋದು. ಎಲೆ ನೇರ ನಿಲ್ಲತ್ತೆ, ಅವಳಿಗೆ ಎರಡೂ ಕೈ ಖಾಲಿ. ಬ್ರಷ್ಷಿನ ಮುಂದೆ ಒಂದು ಪುಸ್ತಕ ಅಡ್ಡ ಇಟ್ರೆ ಯಾರಿಗೂ ಕಾಣಲ್ಲ.

ಕಳಾವರ್ ಗುಲಾಮ
ಕಲೆಸೋ ವಿಷಯ ಯಾರೂ ಎತ್ತಲಿಲ್ಲ. ಕೈಯಲ್ಲಿ ಹಿಡಿದು ಮೇಲಿಂದು ಕೆಳಗೆ ಬಿಡೋ ಕಲೆಸಾಟದಲ್ಲಿ ಎಲೆಗಳು ಗುಂಪು ಗುಂಪಾಗೇ ಉಳಿಯತ್ತೆ. ಏಳರ ಆಟ ಆದ ಮೇಲೆ ಹಾಗೆ ಕಲೆಸಿ ರಮ್ಮಿ ಹಂಚಿ ನೋಡಿ, ಒಬ್ಬೊಬ್ಬರಿಗೂ ಸೀಕ್ವೆನ್ಸ್ ಸಾಲಾಗಿ ಬರತ್ತೆ. ಎರಡು ಭಾಗ ಮಾಡಿ ಮೂಲೆ ಬಾಗಿಸಿ ಟರ್ರ್ ಅಂತ ಹೆಣೆಯೋ ರೀತಿಯಾದ್ರೆ 52 ಎಲೆಗೆ ಏಳು ಸಲ ಬೇಕು. ಬೇಯರ್ ಮತ್ತು ಡಯಕೋನಿಸ್ ಅನ್ನೋ ಗಣಿತಜ್ಞರು 1992ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು. ಅದು ಬರದವರು ಚಾಪೆಯ ಮೇಲೆ ಎಲ್ಲ ಕವುಚಿ ಹರಡಿ ಎರಡೂ ಕೈಯಲ್ಲಿ ಒಂದು ನಿಮಿಷ ಕಲಸಿ, ಹಿಟ್ಟು ಕಲಸಿದ ಹಾಗೆ. ಈ ಕೆಲಸ ಆರು ವರ್ಷದವಳಿಗೇ ಕೊಡಿ.

ಕರಾವಳಿ 28
ಮಳೆಗಾಲದಲ್ಲಿ ನಮ್ಮಲ್ಲಿ ಕಾಗದದ ಎಲೆ ಒಂದಕ್ಕೊಂದು ಅಂಟಿ ಹಂಚಲಿಕ್ಕೇ ಆಗುವುದಿಲ್ಲ, ಎರಡೆರಡು ಹೋಗ್ತದೆ. ಚಿಟಿಕೆ ಪೌಡರ್ ಹಾಕಿ ಕಲೆಸಿ ಬಟ್ಟೆಯಲ್ಲಿ ಒರೆಸಿ. ಪ್ಲಾಸ್ಟಿಕ್ ಎಲೆ ತಗೊಂಡ್ರೆ ಆ ರಗಳೆ ಇಲ್ಲ. ಹಬ್ಬದೂಟ ಮಾಡಿದ ಕೈ ತಾಗಿದ್ರೂ ತೊಳೀಬಹುದು.

ಮೈಸೂರು ದಸರಾ
ಸ್ವಲ್ಪ ವಿಷಯಾಂತರ. ನಮ್ಮದೇ ಆಟ ಗಂಜೀಫಾ ಇತ್ತಲ್ಲ, ದುಂಡನೆ ಎಲೆಗಳದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ಹೊಸ ಹೊಸ ಬಗೆ ಕಟ್ಟಿದ್ರು, ಅವರ ಗ್ರಂಥ ಶ್ರೀತತ್ತ್ವನಿಧಿಯಲ್ಲಿ ವಿವರ ಇದೆ. ದಶಾವತಾರ ಗಂಜೀಫಾದಲ್ಲಿ ಹತ್ತು ಜಾತಿ, ಜಾತಿಗೆ 12, ಒಟ್ಟು 120 ಎಲೆ. ಹಗಲು ಆಡಿದ್ರೆ ರಾಮನ ರಾಜ ಇದ್ದವರು ಶುರು, ರಾತ್ರಿ ಆಡಿದ್ರೆ ಕೃಷ್ಣನ ರಾಜ ಇದ್ದವರು.

ತುರುಫು
ಮೂವರು ಆಡಿದ್ರೆ ತಲಾ 40 ಎಲೆ! ಅದಕ್ಕೆ ಯಾವ ಬ್ರಷ್ ಸಾಕಾಗತ್ತೆ?

ಮೈಸೂರು ದಸರಾ
ಅದಕ್ಕೇ ದುಂಡು ಮಾಡಿದ್ರು ಅನ್ಸತ್ತೆ 😄 ತಮಾಷೆಗೆ ಹೇಳಿದ್ದು, ಯಾರೂ ದಾಖಲೆ ಕೇಳಬೇಡಿ.

ಡಲ್ಲಾಸ್ ಕನ್ನಡಿಗ
ಮೂವರೇ ಉಳಿದ್ರೆ ಮೂರು-ಎರಡು-ಐದು ಇದೆಯಲ್ಲ. ಎಷ್ಟು ಎಲೆ ಅದಕ್ಕೆ? 28ಕ್ಕೆ ಮೂರರಿಂದ ಭಾಗ ಹೋಗಲ್ಲ.

ಎರಡನೇ ಎಕ್ಕ
30. 8 ಮತ್ತು ಮೇಲಿನದ್ದು 28, ಜೊತೆಗೆ ಇಸ್ಪೀಟು 7, ಆಟೀನ್ 7. ತಲಾ ಹತ್ತು. ಮೊದಲ ಐದು ಎಲೆ ನೋಡಿ ಐದು ಕೈ ಮಾಡಬೇಕಾದವರು ತುರುಫು ಹೇಳ್ತಾರೆ. ಹಂಚಿದವರಿಗೆ ಎರಡು, ಉಳಿದವರಿಗೆ ಮೂರು. ಮುಂದಿನ ಆಟಕ್ಕೆ ಸರದಿ ಬದಲಾಗತ್ತೆ. ಒಂದು ಕೈ ಜಾಸ್ತಿ ಮಾಡಿದವರು ಮುಂದಿನ ಆಟದಲ್ಲಿ ಕಮ್ಮಿ ಮಾಡಿದವರ ಕೈಯಿಂದ ನೋಡದೆ ಒಂದು ಎಲೆ ಎಳೆದು, ಬದಲಿಗೆ ತಮಗೆ ಬೇಡದ್ದು ಕೊಡಬಹುದು.

ಹುಬ್ಬಳ್ಳಿಯಾಂವ
ಬ್ಯಾಡಾದ್ದು ಅಲ್ರೀ, ಅದ ಜಾತಿದು ಇದ್ರ ಅದ ಜಾತಿದ ಕೊಡಬೇಕು.

ಎರಡನೇ ಎಕ್ಕ
ಅದು ನಿಮ್ಮ ಮನೆಯ ನಿಯಮ.

ಹುಬ್ಬಳ್ಳಿಯಾಂವ
ಎಲ್ಲಾ ಮನಿ ನಿಯಮನ ಅದಾವು. ಇಸ್ಪೀಟಿಗೇನು ಸಂವಿಧಾನ ಐತೇನು?

ಮೂಲೆಮನೆ
ಇಷ್ಟು ಸಾಕು. ಸಂಜೆ ಕತ್ತೆ ಆಟ ಚಮಚದ ಜೊತೆ, ಆಮೇಲೆ ಏಳರ ಆಟ ಐದು ಸುತ್ತು, ಮಕ್ಕಳು ಮಲಗಿದ ಮೇಲೆ ಅಜ್ಜಿಯ ಇಪ್ಪತ್ತೆಂಟು. ಹೊಸತೊಡಕಿಗೆ ಬ್ಲಫ್. ಮರದ ಚಮಚ ಆರೇ ಇವೆ, ಎರಡು ಹುಡುಕಬೇಕು. ಒಂದೇ ಗೊತ್ತಾಗಬೇಕಿರೋದು, ಕುಂಬಳಕಾಯಿಗೆ ಐದಾ ಆರಾ?

ಆಟೀನ್‌ರಾಣಿ
ಐದು. ಕುಂ, ಬ, ಳ, ಕಾ, ಯಿ.

ಹುಬ್ಬಳ್ಳಿಯಾಂವ
ಆರು.